ಕರುಳಿನ ಬ್ಯಾಕ್ಟೀರಿಯಾ, ಕರುಳಿನ ತಡೆಗೋಡೆ ಮತ್ತು ‘ಲೀಕಿ ಗಟ್’ ಪರೀಕ್ಷೆ: ತಿಳಿದವರು ವಿವರಿಸಬೇಕೆಂದು ಕೋರಿಕೆ

ಸುಮಂಗಲಾ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಏರ್ಪಡಿಸಿದ್ದ ಆರೋಗ್ಯ ಶಿಬಿರದಲ್ಲಿ ಒಬ್ಬ ಪ್ರತಿನಿಧಿ, ಹೊಟ್ಟೆಯುಬ್ಬರ, ಮಂಡಿನೋವು, ಮರೆವು, ಚರ್ಮದ ತುರಿಕೆ ಇವೆಲ್ಲದರ ಹಿಂದೆ ‘ಲೀಕಿ ಗಟ್’, ಅಂದರೆ ಸೋರುವ ಕರುಳು, ಎಂಬ ಒಂದೇ ಕಾರಣವಿದೆ ಎಂದು ವಿವರಿಸಿದರು. ಮಲದಲ್ಲಿರುವ ಬ್ಯಾಕ್ಟೀರಿಯಾಗಳ ಪಟ್ಟಿ ಕೊಡುವ ಒಂದು ಪರೀಕ್ಷೆ, ರಕ್ತದಲ್ಲಿ ‘ಝೋನುಲಿನ್’ ಅಳೆಯುವ ಇನ್ನೊಂದು ಪರೀಕ್ಷೆ, ಆಮೇಲೆ ಆರು ತಿಂಗಳ ಪ್ರೋಬಯಾಟಿಕ್ (ಜೀವಂತ ಬ್ಯಾಕ್ಟೀರಿಯಾ ಇರುವ) ಕ್ಯಾಪ್ಸೂಲು, ಜೊತೆಗೆ ಗೋಧಿಯನ್ನು ಪೂರ್ತಿ ಬಿಡುವುದು, ಇಷ್ಟನ್ನು ನಮ್ಮ ಮಾವನವರಿಗೆ ಹೇಳಿ ಹೋಗಿದ್ದಾರೆ. ಅದಕ್ಕೆ ಕೇಳುವ ಹಣ ಮಾವನವರ ಒಂದು ತಿಂಗಳ ಪಿಂಚಣಿಯ ದೊಡ್ಡ ಪಾಲು.

ಮಾವನವರಿಗೆ ಎಪ್ಪತ್ತು ದಾಟಿದೆ. ಊಟವಾದ ಮೇಲೆ ಹೊಟ್ಟೆ ಉಬ್ಬರಿಸುತ್ತದೆ, ಕೆಲವು ದಿನ ಮಲಬದ್ಧತೆ ಇರುತ್ತದೆ. ಮಂಡಿನೋವಿಗೆ ಬಹಳ ಕಾಲದಿಂದ ನೋವಿನ ಮಾತ್ರೆ ತೆಗೆದುಕೊಳ್ಳುತ್ತಾರೆ. ಬೇರೆ ತೊಂದರೆ ಇಲ್ಲ. ಕರುಳಿನ ಗೋಡೆ ನಿಜವಾಗಿ ಸೋರುತ್ತದೆಯೇ? ಸೋರಿದರೆ ಈ ಪರೀಕ್ಷೆಗಳಲ್ಲಿ ಗೊತ್ತಾಗುತ್ತದೆಯೇ? ಅಲ್ಲಿರುವ ಬ್ಯಾಕ್ಟೀರಿಯಾಗಳಿಗೂ ಗೋಡೆಗೂ ಏನು ಸಂಬಂಧ? ವಿಷಯ ಬಲ್ಲವರು ಸಾವಕಾಶವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಮಲ್ಲೇಶ್ವರದ ವೈದ್ಯ

ಸುಮಂಗಲಾ ಅವರೇ, ಮೊದಲು ನೇರ ಉತ್ತರ: ಆ ಎರಡು ಪರೀಕ್ಷೆಗಳಿಗೂ ಹಣ ಕೊಡಬೇಡಿ. ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಈ ವಿಷಯದಲ್ಲಿ ಗಟ್ಟಿಯಾದ ವಿಜ್ಞಾನವೂ ಇದೆ, ಅದರ ಹೆಸರಿನಲ್ಲಿ ನಡೆಯುವ ವ್ಯಾಪಾರವೂ ಇದೆ. ಎರಡನ್ನೂ ಬಿಡಿಸಿ ನೋಡದೆ ಹೋದರೆ ಗಟ್ಟಿಯಾದದ್ದರ ಮೇಲೂ ಜನರಿಗೆ ನಂಬಿಕೆ ಹೋಗುತ್ತದೆ.

ಕರುಳಿನ ಗೋಡೆ ಸೋರುವುದು ಕಟ್ಟುಕಥೆಯಲ್ಲ. ಸಂಶೋಧಕರು ಅದನ್ನು ಅಳೆಯುವ ಹಳೆಯ ವಿಧಾನವೊಂದಿದೆ. ಖಾಲಿ ಹೊಟ್ಟೆಯಲ್ಲಿ ಲ್ಯಾಕ್ಟುಲೋಸ್ ಮತ್ತು ಮ್ಯಾನಿಟಾಲ್ ಎಂಬ ಎರಡು ಸಕ್ಕರೆಗಳನ್ನು ನೀರಿನಲ್ಲಿ ಕರಗಿಸಿ ಕುಡಿಸುತ್ತಾರೆ, ಮುಂದಿನ ಕೆಲವು ಗಂಟೆಗಳ ಮೂತ್ರವನ್ನೆಲ್ಲ ಸಂಗ್ರಹಿಸುತ್ತಾರೆ. ಮ್ಯಾನಿಟಾಲ್‌ನ ಅಣು ಚಿಕ್ಕದು, ಆರೋಗ್ಯವಂತ ಕರುಳಿನಿಂದಲೂ ಒಂದಿಷ್ಟು ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಬರುತ್ತದೆ. ಲ್ಯಾಕ್ಟುಲೋಸ್ ದೊಡ್ಡದು, ಜೀವಕೋಶಗಳ ನಡುವಿನ ಸಂದುಗಳು ಸಡಿಲವಾದಾಗ ಮಾತ್ರ ಹೆಚ್ಚು ನುಸುಳುತ್ತದೆ. ಮೂತ್ರದಲ್ಲಿ ಎರಡರ ಅನುಪಾತ ಎಷ್ಟಿದೆ ಎಂಬುದರಿಂದ ಗೋಡೆಯ ಸ್ಥಿತಿಯನ್ನು ಅಂದಾಜು ಮಾಡುತ್ತಾರೆ. ಗೋಧಿಯಿಂದ ಕರುಳು ಹಾಳಾಗುವ ಸೀಲಿಯಾಕ್ ರೋಗದಲ್ಲಿ, ಕರುಳಿನಲ್ಲಿ ದೀರ್ಘಕಾಲ ಉರಿಯೂತ ಇರುವ ಕ್ರೋನ್ಸ್ ರೋಗದಲ್ಲಿ, ಅತಿಯಾದ ಮದ್ಯಪಾನದಲ್ಲಿ, ಬಿಸಿಲಿನಲ್ಲಿ ಬಹಳ ದೂರ ಓಡಿದವರಲ್ಲಿ ಈ ಅನುಪಾತ ಏರುತ್ತದೆ. ನಿಮ್ಮ ಮಾವನವರ ವಿಷಯದಲ್ಲಿ ಮುಖ್ಯವಾದ ಇನ್ನೊಂದು ಕಾರಣವೂ ಇದೆ: ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳು ಸಣ್ಣ ಕರುಳಿನ ಗೋಡೆಯನ್ನು ಸಡಿಲಗೊಳಿಸುತ್ತವೆ ಎಂಬುದು 1980ರ ದಶಕದಿಂದಲೇ ತಿಳಿದಿದೆ. ಗೋಡೆಯ ಬಗ್ಗೆ ಅಷ್ಟು ಹೊತ್ತು ಮಾತನಾಡಿದ ಪ್ರತಿನಿಧಿ, ಅವರು ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ಒಂದು ಸಲವಾದರೂ ಕೇಳಿದರೇ?

ಗೋಡೆ ಸಡಿಲವಾಗುವುದು ರೋಗದ ಕಾರಣವೋ ಪರಿಣಾಮವೋ ಎಂಬ ಪ್ರಶ್ನೆ ಇನ್ನೂ ತೆರೆದೇ ಇದೆ. ಕ್ರೋನ್ಸ್ ರೋಗಿಗಳ ಹತ್ತಿರದ ರಕ್ತಸಂಬಂಧಿಗಳಾಗಿದ್ದು ತಾವು ಆರೋಗ್ಯದಿಂದಿದ್ದ 1,420 ಜನರನ್ನು ವರ್ಷಗಟ್ಟಲೆ ಗಮನಿಸಿದ ಒಂದು ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅವರಲ್ಲಿ 50 ಮಂದಿಗೆ ಮುಂದೆ ಕ್ರೋನ್ಸ್ ಬಂದಿತು. ಮೊದಲೇ ಅನುಪಾತ ಹೆಚ್ಚಿದ್ದವರಲ್ಲಿ ಆ ಸಂಭವ ಸುಮಾರು ಮೂರು ಪಟ್ಟು. ಅಂದರೆ ಕೆಲವರಲ್ಲಿ ಗೋಡೆಯ ಬದಲಾವಣೆ ರೋಗಕ್ಕಿಂತ ಮುಂಚೆಯೇ ಇರುತ್ತದೆ. ಆದರೆ ಅದೇ ಅಧ್ಯಯನದಲ್ಲಿ ಅನುಪಾತ ಹೆಚ್ಚಿದ್ದೂ ಏನೂ ಆಗದೆ ಉಳಿದವರೇ ಬಹುಪಾಲು. ಹೀಗಿರುವಾಗ ಮಂಡಿನೋವಿಗೂ ಮರೆವಿಗೂ ಇದೇ ಕಾರಣ ಎಂದು ಶಿಬಿರದ ಮೇಜಿನ ಮೇಲೆ ಬರೆದುಕೊಡುವುದು ಜವಾಬ್ದಾರಿಯ ಮಾತಲ್ಲ.

ಝೋನುಲಿನ್ ವಿಷಯ. ಇಟಲಿ ಮೂಲದ ವೈದ್ಯ ಅಲೆಸ್ಸಿಯೊ ಫಸಾನೊ ಅವರ ತಂಡ 2000ದಲ್ಲಿ ಈ ಪ್ರೋಟೀನನ್ನು ವರದಿ ಮಾಡಿತು. ಅದು ಜೀವಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತದೆ. ತೊಂದರೆ ಇರುವುದು ಮಾರುಕಟ್ಟೆಯ ಕಿಟ್‌ಗಳಲ್ಲಿ. ಬಹಳವಾಗಿ ಬಳಕೆಯಲ್ಲಿರುವ ಕಿಟ್‌ಗಳು ಅಸಲಿ ಝೋನುಲಿನ್ ಬಿಟ್ಟು ಬೇರೆ ಪ್ರೋಟೀನುಗಳನ್ನು ಅಳೆಯುತ್ತಿವೆ ಎಂದು 2018 ಮತ್ತು 2019ರಲ್ಲಿ ಎರಡು ಬೇರೆ ಬೇರೆ ತಂಡಗಳು ತೋರಿಸಿದವು. ಸಂದುಗಳನ್ನು ಬಿಗಿಗೊಳಿಸಲೆಂದೇ ರೂಪಿಸಿದ್ದ ಲಾರಜೋಟೈಡ್ ಎಂಬ ಔಷಧದ ಮೂರನೇ ಹಂತದ ಪ್ರಯೋಗವನ್ನು ಸೀಲಿಯಾಕ್ ರೋಗಿಗಳಲ್ಲಿ ಫಲ ಸಿಗುವ ಸೂಚನೆಯಿಲ್ಲವೆಂದು 2022ರಲ್ಲಿ ನಿಲ್ಲಿಸಿದರು. ಅಳತೆ ನೆಚ್ಚುವಂತಿಲ್ಲ, ಅಳತೆಗೆ ತಕ್ಕ ಔಷಧವೂ ಇಲ್ಲ.

ಮೇಷ್ಟ್ರು, ಹನುಮಂತನಗರ

ವೈದ್ಯರು ಪರೀಕ್ಷೆಯ ಬಗ್ಗೆ ಹೇಳಬೇಕಾದದ್ದನ್ನು ಹೇಳಿದ್ದಾರೆ. ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನಾನು ಬ್ಯಾಕ್ಟೀರಿಯಾಗೂ ಗೋಡೆಗೂ ಇರುವ ಸಂಬಂಧವನ್ನು ವಿವರಿಸಲು ಪ್ರಯತ್ನಿಸುತ್ತೇನೆ, ಏಕೆಂದರೆ ಅಸಲಿ ಸ್ವಾರಸ್ಯ ಇರುವುದು ಅಲ್ಲಿಯೇ.

ನಮ್ಮ ದೇಹದಲ್ಲಿ ಮಾನವ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ಇವೆ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ಓಡಾಡಿತು. 2016ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿ ನೋಡಿದಾಗ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, 30 ಲಕ್ಷ ಕೋಟಿ ಮಾನವ ಜೀವಕೋಶ ಎಂದು ಬಂತು, ಹೆಚ್ಚುಕಡಿಮೆ ಸಮ. ಎಲ್ಲ ಬ್ಯಾಕ್ಟೀರಿಯಾಗಳನ್ನೂ ತೂಗಿದರೆ ಸುಮಾರು 200 ಗ್ರಾಂ. ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ಕರುಳಿನ ಒಳಮೈ ಟೆನಿಸ್ ಅಂಕಣದಷ್ಟು ಎಂಬ ಮಾತನ್ನೂ 2014ರಲ್ಲಿ ಸ್ವೀಡನ್ನಿನ ಸಂಶೋಧಕರು ತಿದ್ದಿದರು: ಇಡೀ ಜೀರ್ಣಾಂಗದ ಒಳಮೈ ಸುಮಾರು 32 ಚದರ ಮೀಟರ್, ನಮ್ಮ ಊರಿನ ಲೆಕ್ಕದಲ್ಲಿ ಇಪ್ಪತ್ತು-ಮೂವತ್ತರ ಸೈಟಿನ ಅರ್ಧಕ್ಕಿಂತ ತುಸು ಹೆಚ್ಚು. ಈ ಇಡೀ ಹರವಿನಲ್ಲಿ ಹೊರಗಿನ ಲೋಕವನ್ನೂ ನಮ್ಮ ರಕ್ತವನ್ನೂ ಬೇರ್ಪಡಿಸಿರುವುದು, ಕರುಳಿನುದ್ದಕ್ಕೂ, ಒಂದೇ ಒಂದು ಸಾಲು ಜೀವಕೋಶಗಳು. ಆ ಸಾಲು ಕೂಡ ನಾಲ್ಕೈದು ದಿನಗಳಿಗೊಮ್ಮೆ ಹಳತು ಉದುರಿ ಹೊಸತಾಗುತ್ತಿರುತ್ತದೆ.

ಒಂದೇ ಸಾಲು ಇಷ್ಟು ಬ್ಯಾಕ್ಟೀರಿಯಾಗಳನ್ನು ಹೇಗೆ ತಡೆಯುತ್ತದೆ? ಆ ಸಾಲಿನ ಮೇಲೆ ಲೋಳೆ ಇದೆ. ದೊಡ್ಡ ಕರುಳಿನಲ್ಲಿ ಈ ಲೋಳೆಗೆ ಎರಡು ಪದರಗಳಿವೆ ಎಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಗುನ್ನಾರ್ ಹಾನ್ಸನ್ ಅವರ ತಂಡ 2008ರಲ್ಲಿ ಇಲಿಗಳಲ್ಲಿ ತೋರಿಸಿತು. ಹೊರಗಿನ ಪದರ ಸಡಿಲ, ಬ್ಯಾಕ್ಟೀರಿಯಾ ಅಲ್ಲಿ ನೆಲೆಸುತ್ತವೆ. ಜೀವಕೋಶಗಳಿಗೆ ಅಂಟಿಕೊಂಡ ಒಳಪದರ ದಟ್ಟ, ಅಲ್ಲಿ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ ಎನ್ನಬಹುದು. ಈ ಲೋಳೆಯ ಮುಖ್ಯ ಪ್ರೋಟೀನನ್ನು ತಯಾರಿಸಲಾರದ ಇಲಿಗಳಲ್ಲಿ ಬ್ಯಾಕ್ಟೀರಿಯಾ ನೇರವಾಗಿ ಜೀವಕೋಶಗಳನ್ನು ಮುಟ್ಟಿ, ಕರುಳು ಉರಿಯೂತಕ್ಕೆ ತುತ್ತಾಯಿತು. ಸಣ್ಣ ಕರುಳಿನಲ್ಲಿ ಲೋಳೆ ತೆಳು. ಅಲ್ಲಿ ಪ್ಯಾನೆತ್ ಜೀವಕೋಶಗಳು ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನುಗಳನ್ನು ಸುರಿಸುತ್ತವೆ, ಐಜಿಎ ಎಂಬ ಪ್ರತಿಕಾಯಗಳು ಬಂದ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಅವು ಗೋಡೆ ತಲಪದಂತೆ ನೋಡಿಕೊಳ್ಳುತ್ತವೆ.

ಈಗ ಬ್ಯಾಕ್ಟೀರಿಯಾಗಳ ಪಾಲಿಗೆ ಬರೋಣ. ನಾವು ಜೀರ್ಣಿಸಿಕೊಳ್ಳಲಾಗದ ನಾರಿನಂಶ ದೊಡ್ಡ ಕರುಳಿಗೆ ಹೋದಾಗ, ಫೀಕಾಲಿಬ್ಯಾಕ್ಟೀರಿಯಂ, ರೋಸ್‌ಬುರಿಯಾ ಮೊದಲಾದ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಪುಟ್ಟ ಕೊಬ್ಬಿನಾಮ್ಲವನ್ನು ಉತ್ಪಾದಿಸುತ್ತವೆ. ದೊಡ್ಡ ಕರುಳಿನ ಗೋಡೆಯ ಜೀವಕೋಶಗಳು ತಮಗೆ ಬೇಕಾದ ಶಕ್ತಿಯ ಸುಮಾರು 70 ಶೇಕಡಾವನ್ನು ಪಡೆಯುವುದು ಇದರಿಂದಲೇ ಎಂದು 1980ರಲ್ಲಿಯೇ ಕಂಡುಕೊಂಡಿದ್ದರು. ನಮ್ಮ ದೇಹದ ಒಂದು ಅಂಗ ತನ್ನ ಹೊಟ್ಟೆಪಾಡಿಗೆ ರಕ್ತವನ್ನು ಬಿಟ್ಟು ಬ್ಯಾಕ್ಟೀರಿಯಾಗಳನ್ನು ನೆಚ್ಚಿಕೊಂಡಿದೆ ಎಂಬುದನ್ನು ನಾನು ಪಾಠ ಮಾಡುವಾಗಲೆಲ್ಲ ಬೆರಗಿನಿಂದಲೇ ಹೇಳುತ್ತಿದ್ದೆ. ಬ್ಯುಟಿರೇಟನ್ನು ಉರಿಸುವಾಗ ಆ ಜೀವಕೋಶಗಳು ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ, ಹಾಗಾಗಿ ಕರುಳಿನ ಒಳಗೆ ಆಮ್ಲಜನಕ ಸೋರುವುದಿಲ್ಲ. ಆಮ್ಲಜನಕವಿಲ್ಲದ ಕಡೆ ಉಪಕಾರಿ ಬ್ಯಾಕ್ಟೀರಿಯಾ ಬಾಳುತ್ತವೆ, ಸಾಲ್ಮೊನೆಲ್ಲಾದಂತಹವು ಹೆಚ್ಚಲು ಕಷ್ಟ. ಬ್ಯುಟಿರೇಟ್ ಕಡಿಮೆಯಾದರೆ ಈ ಸರಪಳಿ ಪೂರ್ತಿ ಹಿಂದುಮುಂದಾಗುತ್ತದೆ.

ನಾರಿನಂಶವೇ ಸಿಗದಿದ್ದರೆ? ಅದಕ್ಕೂ ಉತ್ತರ ಸಿಕ್ಕಿದೆ, ಇಲಿಗಳಲ್ಲಿ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮನುಷ್ಯರ ಕರುಳಿನ ಬ್ಯಾಕ್ಟೀರಿಯಾಗಳನ್ನೇ ಇಲಿಗಳಲ್ಲಿ ನೆಲೆಗೊಳಿಸಿ ಅವುಗಳ ಆಹಾರದಿಂದ ನಾರನ್ನು ತೆಗೆದುಹಾಕಿದರು. ಹಸಿದ ಬ್ಯಾಕ್ಟೀರಿಯಾ ಲೋಳೆಯಲ್ಲಿರುವ ಸಕ್ಕರೆಗಳನ್ನೇ ತಿನ್ನತೊಡಗಿದವು, ಲೋಳೆ ತೆಳುವಾಯಿತು, ಭೇದಿ ತರುವ ಒಂದು ರೋಗಾಣುವನ್ನು ಕೊಟ್ಟಾಗ ಅದು ಸುಲಭವಾಗಿ ಗೋಡೆ ತಲಪಿತು. ಶಿಬಿರದವರು ಹೇಳುವ ‘ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ’ ಎಂಬ ವಿಂಗಡಣೆ ಇಲ್ಲಿ ನಿಲ್ಲುವುದಿಲ್ಲ. 2004ರಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ಗುರುತಿಸಿದ ಅಕ್ಕರ್ಮಾನ್ಸಿಯಾ ಎಂಬ ಬ್ಯಾಕ್ಟೀರಿಯಾ ಲೋಳೆಯನ್ನೇ ತಿಂದು ಬದುಕುತ್ತದೆ. ಆದರೂ ಅದು ಹೆಚ್ಚಿರುವವರಲ್ಲಿ ಆರೋಗ್ಯ ಉತ್ತಮವಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಊಟದಲ್ಲಿ ನಾರು ಇದ್ದಾಗ ಅದು ತಿನ್ನುವುದಕ್ಕಿಂತ ಹೆಚ್ಚಾಗಿ ಹೊಸ ಲೋಳೆ ಹುಟ್ಟುತ್ತದೆ. ನಾರಿಲ್ಲದಾಗ ಅದೇ ಬ್ಯಾಕ್ಟೀರಿಯಾ ಹಾನಿಯ ಕಡೆ ವಾಲುತ್ತದೆ. ಮಲದ ಪರೀಕ್ಷೆಯಲ್ಲಿ ಅದರ ಹೆಸರಿನ ಮುಂದೆ ಒಂದು ಸಂಖ್ಯೆ ಬಂದರೆ ಅದರಿಂದ ನಿಮಗೆ ಏನು ತಿಳಿಯುತ್ತದೆ?

ವಸಂತ, ಚಾಮರಾಜಪೇಟೆ

ನಾನು ಔಷಧಿ ಅಂಗಡಿ ನಡೆಸುವವನು. ಮೇಷ್ಟ್ರು ಹೇಳಿದ ಸರಪಳಿ ಎಲ್ಲಿ ಕಡಿಯುತ್ತದೆ ಎಂಬುದನ್ನು ನಾನು ಕೌಂಟರಿನಿಂದಲೇ ನೋಡುತ್ತೇನೆ. ಹೊಟ್ಟೆ ಕೆಟ್ಟವರು ಚೀಟಿ ಇಲ್ಲದೆ ಬರುತ್ತಾರೆ, ಹಿಂದೆ ಯಾವಾಗಲೋ ಉಳಿದ ಸ್ಟ್ರಿಪ್ಪನ್ನು ಕೌಂಟರಿನ ಮೇಲಿಟ್ಟು “ಇದೇ ಮೂರು ಕೊಡಿ ಅಣ್ಣಾ” ಎನ್ನುತ್ತಾರೆ. ಸ್ಟ್ರಿಪ್ಪನ್ನು ತಿರುಗಿಸಿ ನೋಡಿದರೆ ಹಿಂದೆ ಕೆಂಪು ಗೆರೆ ಇರುತ್ತದೆ, ಅಂದರೆ ಅದು ವೈದ್ಯರ ಚೀಟಿ ಬೇಕಾದ ಔಷಧ, ಹೆಚ್ಚಾಗಿ ಆಂಟಿಬಯೋಟಿಕ್. ಚೀಟಿಯಿಲ್ಲದೆ ಕೊಳ್ಳಬೇಡಿ ಎಂದು ಕೇಂದ್ರ ಸರ್ಕಾರ ಆ ಕೆಂಪು ಗೆರೆಯ ಪ್ರಚಾರ ಶುರುಮಾಡಿದ್ದು 2016ರಲ್ಲಿ. ಅದಕ್ಕೂ ಮುಂಚೆ 2014ರ ಮಾರ್ಚ್‌ನಿಂದ ಎಚ್1 ಪಟ್ಟಿಯ ಔಷಧಗಳಿಗೆ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಬರೆದಿಡುವ ಪ್ರತ್ಯೇಕ ರಿಜಿಸ್ಟರು ಕಡ್ಡಾಯವಾಗಿದೆ. ನಾನು ಕೊಡುವುದಿಲ್ಲ ಎಂದರೆ ಮುಂದಿನ ರಸ್ತೆಗೆ ಹೋಗುತ್ತಾರೆ, ಅದು ನನಗೆ ನಿಜವಾಗಿಯೂ ನೋವು ತರುವ ಸಂಗತಿ. ಸಾಮಾನ್ಯ ಭೇದಿಗೆ ಬೇಕಾದದ್ದು ಓಆರ್‌ಎಸ್, ಮಕ್ಕಳಿಗಾದರೆ ಜೊತೆಗೆ ಜಿಂಕ್.

ಡೆನ್ಮಾರ್ಕಿನಲ್ಲಿ 12 ಆರೋಗ್ಯವಂತ ಯುವಕರಿಗೆ ನಾಲ್ಕು ದಿನ ಮೂರು ಬಲವಾದ ಆಂಟಿಬಯೋಟಿಕ್‌ಗಳನ್ನು ಕೊಟ್ಟು ಮುಂದೇನಾಗುತ್ತದೆ ಎಂದು ನೋಡಿದ ಅಧ್ಯಯನ 2018ರಲ್ಲಿ ಬಂತು. ಒಂದೂವರೆ ತಿಂಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಾ ಮರಳಿ ಬಂದವು, ಆದರೆ ಮೊದಲು ಎಲ್ಲರಲ್ಲೂ ಇದ್ದ ಒಂಬತ್ತು ಪ್ರಭೇದಗಳು ಆರು ತಿಂಗಳಾದರೂ ಹೆಚ್ಚಿನವರಲ್ಲಿ ಕಾಣಲಿಲ್ಲ. ಬೇಕಾದಾಗ ಆಂಟಿಬಯೋಟಿಕ್ ಪ್ರಾಣ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಬೇಡವಾದಾಗ ನುಂಗಿದ್ದಕ್ಕೆ ಬೆಲೆ ತೆರಬೇಕಾಗುತ್ತದೆ.

ಆಂಟಿಬಯೋಟಿಕ್ ಜೊತೆಗೆ ಪ್ರೋಬಯಾಟಿಕ್ ಕೊಡಿ ಎಂದು ಕೇಳುವವರೂ ಬಹಳ. ಅದೂ 2018ರಲ್ಲೇ, ವೈಜ್ಮನ್ ಸಂಸ್ಥೆಯ ಇನ್ನೊಂದು ತಂಡ, ಆಂಟಿಬಯೋಟಿಕ್ ಮುಗಿದ ಮೇಲೆ ಹನ್ನೊಂದು ತಳಿಗಳ ಪ್ರೋಬಯಾಟಿಕ್ ತೆಗೆದುಕೊಂಡವರಲ್ಲಿ ಅವರ ಸ್ವಂತ ಬ್ಯಾಕ್ಟೀರಿಯಾ ಮರಳುವುದು ಏನೂ ತೆಗೆದುಕೊಳ್ಳದವರಿಗಿಂತ ತಡವಾಯಿತು ಎಂದು ವರದಿ ಮಾಡಿತು. ಚಿಕ್ಕ ಅಧ್ಯಯನ, ನಿಜ. ಆದರೂ ‘ತೆಗೆದುಕೊಂಡರೆ ನಷ್ಟವೇನಿಲ್ಲ’ ಎಂಬ ಮಾತನ್ನು ನಾನು ಈಗ ಯಾರಿಗೂ ಹೇಳುವುದಿಲ್ಲ.

ಶ್ರೀಧರ, ವಿಜಯನಗರ

ಕ್ಯಾಪ್ಸೂಲು ಬೇಡ ಎಂದೇ ಇಟ್ಟುಕೊಳ್ಳೋಣ. ಆದರೆ ನಮ್ಮ ಇಡ್ಲಿ, ದೋಸೆ, ಮೊಸರು ಇವೇ ಪ್ರೋಬಯಾಟಿಕ್ ಅಲ್ಲವೇ? ದಿನಾ ಬೆಳಗ್ಗೆ ದರ್ಶಿನಿಯಲ್ಲಿ ಎರಡು ಇಡ್ಲಿ ತಿನ್ನುವ ಬೆಂಗಳೂರಿನವರಿಗೆ ಕರುಳಿನ ಚಿಂತೆ ಏಕೆ ಬೇಕು?

ಮೇಷ್ಟ್ರು, ಹನುಮಂತನಗರ

ಶ್ರೀಧರ ಅವರೇ, ಒಳ್ಳೆಯ ಪ್ರಶ್ನೆ. ಇಡ್ಲಿ ಹಿಟ್ಟನ್ನು ಉಬ್ಬಿಸಿ ಹುಳಿ ತರುವುದರಲ್ಲಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದ ಪಾತ್ರ ದೊಡ್ಡದು ಎಂದು 1960ರ ದಶಕದಲ್ಲೇ ತೋರಿಸಿದ್ದಾರೆ. ಆದರೆ ಹಬೆಯಲ್ಲಿ ಬೆಂದ ಮೇಲೆ ಅವು ಬದುಕಿರುವುದಿಲ್ಲ. ಹುದುಗಿದ್ದರಿಂದ ಬೇಳೆ-ಅಕ್ಕಿ ಜೀರ್ಣಕ್ಕೆ ಸುಲಭವಾಗುತ್ತದೆ, ಖನಿಜಗಳನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗಿ ಖನಿಜಗಳು ಚೆನ್ನಾಗಿ ದಕ್ಕುತ್ತವೆ, ಅದು ಸಣ್ಣ ಲಾಭವಲ್ಲ; ಆದರೆ ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಮೊಸರು, ಮಜ್ಜಿಗೆಯೇ ಬೇಕು. ಅವು ಕೂಡ ಕರುಳಿನಲ್ಲಿ ಮನೆ ಮಾಡುವುದಿಲ್ಲ, ಕೆಲವು ದಿನ ಇದ್ದು ಹೊರಟುಹೋಗುತ್ತವೆ. ಹಾಗೆಂದು ಅವು ನಿಷ್ಪ್ರಯೋಜಕವೂ ಅಲ್ಲ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ 36 ಮಂದಿಯನ್ನು ಎರಡು ಗುಂಪು ಮಾಡಿ ಹತ್ತು ವಾರ ಒಂದು ಗುಂಪಿಗೆ ಮೊಸರಿನಂತಹ ಹುದುಗಿದ ಆಹಾರವನ್ನೂ ಇನ್ನೊಂದಕ್ಕೆ ಹೆಚ್ಚು ನಾರಿನಂಶವನ್ನೂ ಕೊಟ್ಟ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹುದುಗಿದ ಆಹಾರದ ಗುಂಪಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತದ ಹಲವು ಸೂಚಕಗಳು ಇಳಿದವು. ನಾರಿನ ಗುಂಪಿನಲ್ಲಿ ಅಷ್ಟು ಅವಧಿಯಲ್ಲಿ ವೈವಿಧ್ಯ ಹೆಚ್ಚಲಿಲ್ಲ. ನಾರಿನ ಪರವಾಗಿ ಇಷ್ಟು ಬರೆದಿರುವ ನಾನು ಇದನ್ನು ಮುಚ್ಚಿಡುವುದು ಸರಿಯಲ್ಲ.

ಆದರೂ ನಮ್ಮ ತಟ್ಟೆಯಲ್ಲಿ ಕೊರತೆ ಇರುವುದು ನಾರಿನದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ಸುಮಾರು 30 ಗ್ರಾಂ ನಾರು ಬೇಕು. ಮುದ್ದೆ, ಬಸ್ಸಾರು, ಹುರುಳಿ, ಅವರೆಕಾಳು, ಸೊಪ್ಪಿನ ಪಲ್ಯ ಇದ್ದ ಊಟ ಆ ಲೆಕ್ಕವನ್ನು ಯಾರೂ ಎಣಿಸದೆಯೇ ತುಂಬಿಸುತ್ತಿತ್ತು. ಬೆಳಗ್ಗೆ ಬಿಳಿ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ಮೈದಾದ ಬನ್ನು, ರಾತ್ರಿ ಮತ್ತೆ ಅನ್ನ ಎಂದಾದರೆ ಅದು ಎಲ್ಲಿಂದ ತುಂಬಬೇಕು?

ನಾಗರತ್ನ, ಯಶವಂತಪುರ

ಅಂಗನವಾಡಿ ಮೇಲ್ವಿಚಾರಕಿಯಾಗಿ ಕೆಲಸ ಮಾಡಿದವಳು ನಾನು. ಇಲ್ಲಿಯವರೆಗಿನ ಚರ್ಚೆ ವಯಸ್ಸಾದವರ ಹೊಟ್ಟೆಯುಬ್ಬರದ ಸುತ್ತ ಇದೆ. ಕರುಳಿನ ಗೋಡೆಯ ವಿಷಯ ಬದುಕುಸಾವಿನ ಪ್ರಶ್ನೆಯಾಗುವುದು ಎಳೆಯ ಮಕ್ಕಳಲ್ಲಿ ಎಂಬುದನ್ನೂ ಸೇರಿಸಬೇಕು. ಕಲುಷಿತ ನೀರು, ಮತ್ತೆ ಮತ್ತೆ ಬರುವ ಭೇದಿ ಇರುವ ಕಡೆ ಮಕ್ಕಳ ಸಣ್ಣ ಕರುಳಿನ ಒಳಮೈಯ ಬೆರಳಿನಂತಹ ಮಡಿಕೆಗಳು ಸವೆದು ಮೋಟಾಗುತ್ತವೆ, ಗೋಡೆ ಸಡಿಲವಾಗುತ್ತದೆ, ಕೊಟ್ಟ ಆಹಾರ ಮೈಗೆ ಹತ್ತುವುದಿಲ್ಲ. ತೂಕದ ಯಂತ್ರದ ಮೇಲೆ ಕೂರಿಸಿದಾಗ ಮುಳ್ಳು ತಿಂಗಳು ತಿಂಗಳೂ ಅಲ್ಲೇ ನಿಲ್ಲುವ ಮಗುವನ್ನು ನೋಡಿದ ತಾಯಿ “ತಿನ್ನಿಸುತ್ತೇನೆ ಮೇಡಂ, ಆದರೂ ಏರುವುದಿಲ್ಲ” ಎಂದರೆ ಅವಳು ಸುಳ್ಳು ಹೇಳುತ್ತಿರುವುದಿಲ್ಲ.

ಈ ದಿಕ್ಕಿನಲ್ಲಿ ನನಗೆ ಬಹಳ ಭರವಸೆ ಕೊಟ್ಟದ್ದು ಢಾಕಾದ ಕೆಲಸ. ಅಲ್ಲಿನ ಮೀರ್‌ಪುರ ಕೊಳೆಗೇರಿಯ ಅಪೌಷ್ಟಿಕ ಮಕ್ಕಳಿಗೆ, ಕರುಳಿನ ಬ್ಯಾಕ್ಟೀರಿಯಾಗಳನ್ನು ವಯಸ್ಸಿಗೆ ತಕ್ಕಂತೆ ಬೆಳೆಸುವ ಆಹಾರ ಯಾವುದು ಎಂದು ಹುಡುಕಿ, ಕಡಲೆ ಹಿಟ್ಟು, ಕಡಲೆಕಾಯಿ ಹಿಟ್ಟು, ಸೋಯಾ ಹಿಟ್ಟು ಮತ್ತು ಬಾಳೆಕಾಯಿ ಸೇರಿಸಿ ಒಂದು ಪೂರಕ ಆಹಾರ ಮಾಡಿದರು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೂಢಿಯ ಪೂರಕ ಆಹಾರಕ್ಕಿಂತ ಇದರಲ್ಲಿ ಕ್ಯಾಲೊರಿ ಕಡಿಮೆ ಇದ್ದರೂ ಮಕ್ಕಳ ತೂಕ ಹೆಚ್ಚು ವೇಗವಾಗಿ ಏರಿತು. ನೋಡಿ, ಇವೆಲ್ಲ ನಮ್ಮ ಸಂತೆಯಲ್ಲೇ ಸಿಗುವ ಪದಾರ್ಥಗಳು. ಸುಮಂಗಲಾ ಅವರ ಬಸವನಗುಡಿಯಲ್ಲಂತೂ ಕಾರ್ತಿಕದಲ್ಲಿ ಕಡಲೆಕಾಯಿಗೆ ಪರಿಷೆಯೇ ನಡೆಯುತ್ತದೆ.

ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗವನ್ನೂ ಹೇಳಬೇಕು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಂನ ಒಂದು ನಿರ್ದಿಷ್ಟ ತಳಿಯನ್ನು, ಅದಕ್ಕೆ ಆಹಾರವಾಗುವ ಸಕ್ಕರೆಯ ಜೊತೆ ಏಳು ದಿನ ಕೊಟ್ಟಾಗ, ನಂಜು ಅಥವಾ ಸಾವು ಸಂಭವಿಸಿದ ಶಿಶುಗಳ ಪ್ರಮಾಣ 9 ಶೇಕಡಾದಿಂದ 5.4 ಶೇಕಡಾಕ್ಕೆ ಇಳಿಯಿತು. ಹಾಗಾಗಿ ಪ್ರೋಬಯಾಟಿಕ್ ಎಲ್ಲವೂ ವ್ಯರ್ಥ ಎಂದು ತಳ್ಳಿಹಾಕುವುದು ಬೇಡ ಎಂದು ನನ್ನ ವಿನಂತಿ.

ಮಲ್ಲೇಶ್ವರದ ವೈದ್ಯ

ನಾಗರತ್ನ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಆ ಪ್ರಯೋಗದಲ್ಲಿ ಯಾವ ತಳಿ, ಎಷ್ಟು ದಿನ, ಯಾವ ಶಿಶುಗಳಿಗೆ ಎಂಬುದೆಲ್ಲ ಮೊದಲೇ ನಿಗದಿಯಾಗಿತ್ತು. ಎರಡು ಕಿಲೋಗಿಂತ ಕಡಿಮೆ ತೂಕದವರನ್ನು ಸೇರಿಸಿರಲಿಲ್ಲ, ಎಲ್ಲರೂ ಎದೆಹಾಲು ಕುಡಿಯುತ್ತಿದ್ದವರು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಪ್ರೋಬಯಾಟಿಕ್ ಕೊಡುವುದರಲ್ಲಿ ಅಪಾಯವಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಸಿತು. ತಳಿಯೂ ರೋಗಿಯೂ ಬದಲಾದರೆ ಫಲವೂ ಬದಲಾಗುತ್ತದೆ.

ನಮ್ಮ ಪಕ್ಕದ ವೆಲ್ಲೂರಿನ ಒಂದು ಕೆಲಸವನ್ನೂ ನೆನೆಯುತ್ತೇನೆ. ಕಾಲರಾ ರೋಗಿಗಳ ಓಆರ್‌ಎಸ್‌ಗೆ ಸಣ್ಣ ಕರುಳಿನಲ್ಲಿ ಜೀರ್ಣವಾಗದ ಮೆಕ್ಕೆಜೋಳದ ಪಿಷ್ಟವನ್ನು ಬೆರೆಸಿದಾಗ ಭೇದಿಯ ಪ್ರಮಾಣವೂ ಅವಧಿಯೂ ಕಡಿಮೆಯಾಯಿತು ಎಂದು ಬಿ. ಎಸ್. ರಾಮಕೃಷ್ಣ ಅವರ ತಂಡ 2000ದಲ್ಲಿ ಪ್ರಕಟಿಸಿತು. ಆ ಪಿಷ್ಟವನ್ನು ಬ್ಯಾಕ್ಟೀರಿಯಾ ಹುದುಗಿಸಿ ಕೊಬ್ಬಿನಾಮ್ಲ ಮಾಡುತ್ತವೆ, ಅದರ ಜೊತೆಗೆ ದೊಡ್ಡ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ. ಮೇಷ್ಟ್ರು ವಿವರಿಸಿದ ಸಂಬಂಧ ಆಸ್ಪತ್ರೆಯ ಹಾಸಿಗೆಯಲ್ಲೇ ಕೆಲಸಕ್ಕೆ ಬಂದ ಬಗೆ ಇದು.

ಸುಮಂಗಲಾ, ಬಸವನಗುಡಿ

ಎಲ್ಲರಿಗೂ ಅನಂತ ಧನ್ಯವಾದಗಳು. ಪರೀಕ್ಷೆ ಬೇಡವೆಂದು ಮಾವನವರೂ ಒಪ್ಪಿದ್ದಾರೆ. ಡಾಕ್ಟರೇ, ಇನ್ನೆರಡು ಸಂದೇಹ. ಗೋಧಿ ಬಿಡಬೇಕೇ? ನಾಳೆಯಿಂದಲೇ ಅವರಿಗೆ ಎರಡು ಹೊತ್ತು ಮುದ್ದೆ, ಹುರುಳಿಕಾಳು ಕೊಡಬಹುದೇ?

ಮಲ್ಲೇಶ್ವರದ ವೈದ್ಯ

ಗೋಧಿ ಬಿಡುವ ಕಾರಣ ಕಾಣುತ್ತಿಲ್ಲ. ಗೋಧಿಯಿಂದ ಕರುಳು ಹಾಳಾಗುವ ಸೀಲಿಯಾಕ್ ರೋಗ ಉತ್ತರ ಭಾರತದಲ್ಲಿ ನೂರರಲ್ಲಿ ಸುಮಾರು ಒಬ್ಬರಿಗಿದ್ದರೆ ದಕ್ಷಿಣದಲ್ಲಿ ಬಹಳ ವಿರಳ. ಸಂದೇಹವಿದ್ದರೆ ರಕ್ತದಲ್ಲಿ ಟಿಟಿಜಿ ಪ್ರತಿಕಾಯದ ಪರೀಕ್ಷೆ ಮಾಡಿಸಬಹುದು, ಆದರೆ ಅದನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು; ಬಿಟ್ಟ ಮೇಲೆ ಮಾಡಿಸಿದರೆ ಫಲಿತಾಂಶ ದಾರಿ ತಪ್ಪಿಸುತ್ತದೆ.

ಮುದ್ದೆ, ಕಾಳು ಒಳ್ಳೆಯದೇ, ಆದರೆ ಒಂದೇ ದಿನದಲ್ಲಿ ಬೇಡ. ಈಗಲೇ ಉಬ್ಬರ ಇರುವವರಿಗೆ ಹಠಾತ್ತಾಗಿ ಕಾಳು ಹೆಚ್ಚಿಸಿದರೆ ಅನಿಲ ಹೆಚ್ಚಿ ಅವರು ಎರಡೇ ದಿನಕ್ಕೆ ತಟ್ಟೆ ದೂರ ಸರಿಸುತ್ತಾರೆ. ಮೊದಲ ವಾರ ಬೆಳಗ್ಗೆ ಒಂದು ಲೋಟ ರಾಗಿ ಅಂಬಲಿ ಮಜ್ಜಿಗೆಯೊಂದಿಗೆ, ಮುಂದಿನ ವಾರ ಒಂದು ಹೊತ್ತು ಸಣ್ಣ ಮುದ್ದೆ, ಆಮೇಲೆ ನೆನೆಸಿ ಆ ನೀರು ಚೆಲ್ಲಿ ಚೆನ್ನಾಗಿ ಬೇಯಿಸಿದ ಕಾಳು ಎರಡು ಚಮಚ, ಹೀಗೆ ಏರಿಸಿ. ಜೊತೆಗೆ ನೀರು ಸಾಕಷ್ಟು ಕುಡಿಯಲಿ. ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಕರುಳು ಕಿರಿದಾಗಿದ್ದರೆ ನಾರು ಹೆಚ್ಚಿಸುವ ಮೊದಲು ನಿಮ್ಮ ವೈದ್ಯರನ್ನು ಕೇಳಲೇಬೇಕು.

ನೋವಿನ ಮಾತ್ರೆಯ ಸ್ಟ್ರಿಪ್ಪನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಬದಲಿ ಇದೆಯೇ ಎಂದು ಕೇಳಿ. ಈ ಇಡೀ ಚರ್ಚೆಯಲ್ಲಿ ಅವರ ಕರುಳಿಗೆ ಬೇಗ ಉಪಕಾರವಾಗುವ ಕೆಲಸ ಬಹುಶಃ ಅದೇ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ, ಅಥವಾ ಮಲವಿಸರ್ಜನೆಯ ರೂಢಿ ಇತ್ತೀಚೆಗೆ ಬದಲಾಗಿರುವುದು, ಇವುಗಳಲ್ಲಿ ಒಂದಿದ್ದರೂ ಆಹಾರದ ಪ್ರಯೋಗಕ್ಕೆ ಕಾಯದೆ ತೋರಿಸಿ. ಆಗ ಅಗತ್ಯವಿದ್ದರೆ ಮಲದಲ್ಲಿ ಕರುಳಿನ ಉರಿಯೂತ ತಿಳಿಸುವ ಕ್ಯಾಲ್‌ಪ್ರೊಟೆಕ್ಟಿನ್ ಅಳೆಯುತ್ತಾರೆ, ದೊಡ್ಡ ಕರುಳಿನ ಒಳಗನ್ನು ಕ್ಯಾಮೆರಾದಿಂದ ನೋಡುವ ಕೊಲೊನೊಸ್ಕೋಪಿ ಮಾಡುತ್ತಾರೆ. ಅವರ ವಯಸ್ಸಿನಲ್ಲಿ ಆ ಎರಡಕ್ಕೆ ಹಣ ಖರ್ಚಾದರೆ ಅದಕ್ಕೆ ಅರ್ಥವಿದೆ.